ಬ್ಯಾಡಗಿಯ ಮೂಗಿನ ಪರೀಕ್ಷೆ

ಗ್ಯಾಸ್ ಸೋರಿದರೆ ಮೇಲಕ್ಕೆ ಹೋಗುತ್ತದೆ ಎಂದು ನಾನು ಹಾವೇರಿಯಲ್ಲಿ ಹದಿನಾರು ಜನ ಗ್ಯಾಸ್ ಏಜೆನ್ಸಿ ಕೆಲಸಗಾರರ ಮುಂದೆ ಹೇಳಿದ್ದು ೨೦೦೬ರ ಫೆಬ್ರುವರಿ ಆರು, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಹನ್ನೊಂದು ಇಪ್ಪತ್ತೆರಡಕ್ಕೆ ಹಿಂದಿನ ಬೆಂಚಿನಿಂದ ಒಬ್ಬ ಮೆಕ್ಯಾನಿಕ್ ಎದ್ದು ನಿಂತರು.

"ಅಕ್ಕಾರ, ನೀವು ಹೇಳೂ ಗ್ಯಾಸ್ ಯಾವ ಊರಿಂದ್ರಿ? ನಮ್ಮ ಸಿಲಿಂಡರ್ ಗ್ಯಾಸ್ ಮ್ಯಾಲ ಹಾರೂದಿಲ್ಲ. ನೆಲಾ ಹಿಡದು ಹರೀತೈತಿ. ನಂಬಿಕಿ ಇಲ್ಲಂದ್ರ ಸೋರಿದ ಮನಿ ಬಚ್ಚಲ ಮೋರಿ ಮುಂದ ಬಗ್ಗಿ ನೋಡ್ರಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕಾರ ಎನ್ನುತ್ತಾರೆ. ಇಪ್ಪತ್ತಮೂರು ವರ್ಷದ ನನ್ನನ್ನು ನನ್ನ ತಂದೆಯ ವಯಸ್ಸಿನವರು ಹಾಗೆ ಕರೆದದ್ದು ಅದೇ ಮೊದಲು. ಅದೂ ತಪ್ಪು ತೋರಿಸುವುದಕ್ಕೆ.

ತಪ್ಪು ಪುಸ್ತಕದ್ದೂ ಹೌದು, ನನ್ನದೂ ಹೌದು. ನಾನು ಕೆಲಸಕ್ಕೆ ಸೇರಿದ್ದ ಹುಬ್ಬಳ್ಳಿಯ ತರಬೇತಿ ಸಂಸ್ಥೆಯ ಕೈಪಿಡಿಯನ್ನು ಬೇರೆ ರಾಜ್ಯದ ನೈಸರ್ಗಿಕ ಅನಿಲದ ಪೈಪ್‌ಲೈನ್ ಕೆಲಸಗಾರರಿಗಾಗಿ ಬರೆದಿದ್ದರು. ಆ ಅನಿಲ ಗಾಳಿಗಿಂತ ಹಗುರ. ನಮ್ಮ ಜಿಲ್ಲೆಯಲ್ಲಿ ಪೈಪ್ ಇರಲಿಲ್ಲ, ಇದ್ದದ್ದು ಸಿಲಿಂಡರ್ ಮಾತ್ರ. ಅದರೊಳಗಿನದು ಗಾಳಿಗಿಂತ ಭಾರ. "ನಾಳೆ ಪೈಪ್ ಬಂದ್ರೂ ಇದ ಪುಸ್ತಕ ನಡೀತೈತಿ, ಈಗ ಸಿಲಿಂಡರ್ ಮಂದಿಗೂ ಇದ ಹೇಳು" ಎಂದು ನಮ್ಮ ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಡಿಪ್ಲೊಮಾ ಮುಗಿಸಿದ್ದ ನನಗೆ ಎರಡು ಅನಿಲಗಳ ಭೇದ ಗೊತ್ತಿತ್ತು. ಆದರೂ ಅಚ್ಚಾದ ಸಾಲನ್ನು ನೋಡಿಕೊಂಡು ಓದಿಬಿಟ್ಟಿದ್ದೆ.

ಆ ಸಂಜೆ ಕುಪ್ಪೇಲೂರಿನ ಮನೆಯಲ್ಲಿ ಕುಳಿತು ಕೈಪಿಡಿಯ ಸಾಲುಗಳಿಗೆ ನಂಬರು ಹಾಕಿದೆ. ನಿಯಮ ಹೇಳುವ ಸಾಲುಗಳು ಒಟ್ಟು ಅರವತ್ತೆರಡು. ಪ್ರತಿಯೊಂದನ್ನೂ ನಮ್ಮ ಊರುಗಳಲ್ಲಿ ಪರೀಕ್ಷೆ ಮಾಡಿ ನೋಡಿಯೇ ಹೇಳಬೇಕೆಂದು ನಿರ್ಧರಿಸಿ, ಸರಿ, ತಪ್ಪು, ಗೊತ್ತಿಲ್ಲ ಎಂದು ಮೂರು ಮನೆ ಎಳೆದೆ. ಇಪ್ಪತ್ತಮೂರನೇ ಸಾಲು ಹೀಗಿತ್ತು: "ಅನಿಲ ಸೋರಿಕೆಯನ್ನು ಕಾರ್ಮಿಕನು ವಾಸನೆಯಿಂದ ತಕ್ಷಣ ಗುರುತಿಸುವನು."

ತಕ್ಷಣ ಎಂದರೆ ಎಷ್ಟು ಸೆಕೆಂಡು? ಅದು ಗೊತ್ತಿಲ್ಲದ ಮನೆಗೆ ಹೋಯಿತು. ಮರುದಿನ ಬಸ್ ಹತ್ತುವ ಮುಂಚೆ ನಮ್ಮೂರ ಶಾಲೆಯ ಪಿ.ಟಿ. ಮಾಸ್ತರರ ಹತ್ತಿರ ಓಟದ ಪಂದ್ಯಕ್ಕೆ ಬಳಸುವ ಗಡಿಯಾರ ಕೇಳಿ ತಂದೆ.

ಪರೀಕ್ಷೆಯನ್ನು ಹೀಗೆ ಮಾಡುತ್ತಿದ್ದೆ. ಬಯಲಾದ ಹಿತ್ತಲು, ಸುತ್ತ ಬೆಂಕಿ ಇಲ್ಲ, ಬೀಡಿ ಕಡ್ಡಿಪೆಟ್ಟಿಗೆಗಳೆಲ್ಲ ಮೊದಲೇ ಒಂದು ಬುಟ್ಟಿಗೆ. ಒಂದು ಬೆಡ್‌ಶೀಟಿನ ಮರೆ, ಅದರ ಹಿಂದೆ ಐದು ಕಿಲೋದ ಸಣ್ಣ ಸಿಲಿಂಡರ್. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲು ಕೋಲಿಗೆ ಕಟ್ಟಿದ ನೂಲು. ಮುಂದಿನ ಸಾಲು ನಾಲ್ಕು ಹೆಜ್ಜೆ ದೂರ, ಹಿಂದಿನದು ಎಂಟು. ನಾನು ಮರೆಯಲ್ಲಿ ನಿಂತು ವಾಲ್ವನ್ನು ಒಂದೇ ಕ್ಷಣ ಒತ್ತಿ ಬಿಡುವುದು, ವಾಸನೆ ಬಂದವರು ಕೈ ಎತ್ತುವುದು. ಹಾವೇರಿಯಲ್ಲಿ ಮುಂದಿನ ಸಾಲಿನವರು ಏಳರಿಂದ ಒಂಬತ್ತು ಸೆಕೆಂಡಿಗೆ ಎತ್ತಿದರು, ಹಿಂದಿನವರು ಹದಿನಾಲ್ಕರ ಸುಮಾರಿಗೆ. ನೆಗಡಿಯಾಗಿದ್ದ ಒಬ್ಬರು ಎತ್ತಲಿಲ್ಲ. ಮುಂದಿನ ವಾರ ರಾಣೆಬೆನ್ನೂರಿನಲ್ಲಿ ಹದಿನೇಳು ಜನ ಕುಳಿತರು, ಹದಿನೇಳೂ ಕೈ ಮೇಲೆ ಹೋದವು, ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತಮೂರನೇ ಸಾಲನ್ನು ಸರಿ ಎಂಬ ಮನೆಗೆ ದಾಟಿಸಿದೆ. ಪೆನ್ಸಿಲಿನಲ್ಲಿ ಬರೆದದ್ದು ಒಳ್ಳೆಯದಾಯಿತು.

ಬ್ಯಾಡಗಿಯ ತರಗತಿ ಫೆಬ್ರುವರಿ ಇಪ್ಪತ್ತು, ಸೋಮವಾರ ಶುರುವಾಯಿತು. ಆರು ದಿನದ ತರಗತಿ, ಪಾಸಾದವರಿಗೆ ಕೊನೆಯ ದಿನ ಸಂಸ್ಥೆಯ ಕಾರ್ಡು. ಮೆಣಸಿನಕಾಯಿ ಪೇಟೆಯ ದಿನ. ಒಬ್ಬ ವ್ಯಾಪಾರಿ ತಮ್ಮ ಅಂಗಡಿಯ ಮಹಡಿಯ ಹಾಲನ್ನು ತರಗತಿಗೆ ಬಿಟ್ಟುಕೊಟ್ಟಿದ್ದರು. ಕಿಟಕಿಯಿಂದ ನೋಡಿದರೆ ಮಾರುಕಟ್ಟೆಯಂಗಳದ ತುಂಬ ಕೆಂಪು ರಾಶಿಗಳು, ಅವುಗಳ ನಡುವೆ ಚೀಲ ಹೊತ್ತು ಓಡಾಡುವ ಹಮಾಲರು. ಮೊದಲ ದಿನ ನಾನು ನಲವತ್ತೊಂದು ಸಲ ಸೀನಿದೆ. ತರಗತಿಯ ಹದಿನಾಲ್ಕು ಜನರಲ್ಲಿ ಒಬ್ಬರೂ ಸೀನಲಿಲ್ಲ.

"ಅಕ್ಕಾರ, ಇದು ಬ್ಯಾಡಗಿ ಗಾಳಿ," ಎಂದರು ಮೊದಲ ಬೆಂಚಿನಲ್ಲಿದ್ದ ದಪ್ಪ ಮೀಸೆಯ ಡೆಲಿವರಿಯವರು. ಸಿಲಿಂಡರ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಎಲ್ಲರೂ ಅವರನ್ನು ಮೀಸಿ ಎಂದೇ ಕರೆಯುತ್ತಿದ್ದರು. "ಹೊರಗಿನವರಿಗೆ ಒಂದ ವಾರ ಸೀನಸ್ತೈತಿ. ಆಮ್ಯಾಲ ಹೊಂದಿಕಿ ಆಗಿಬಿಡ್ತೈತಿ."

"ಆಗಲಿಲ್ಲಂದ್ರ?"

"ಬಸ್ ಹತ್ತಿ ವಾಪಸ್ ಹೋಗೂದ್ರಿ."

ಎಲ್ಲರೂ ನಕ್ಕರು. ನಗದೆ ಕುಳಿತಿದ್ದವರು ಒಬ್ಬರೇ: ಹಿಂದಿನ ಸಾಲಿನ ಮೂಲೆಯಲ್ಲಿ, ಮಡಿಲಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು, ನಾನು ಹೇಳುವುದನ್ನೆಲ್ಲ ತಲೆ ಓರೆ ಮಾಡಿ ಕೇಳುತ್ತಿದ್ದ ಐವತ್ತು ದಾಟಿದವರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೊದಲು ಮೆಣಸಿನಕಾಯಿ ಅಂಗಳದಲ್ಲಿ ಹಮಾಲಿ ಮಾಡಿದವರು, ಆಮೇಲೆ ಹದಿನೈದು ವರ್ಷದಿಂದ ಊರಿನ ಗ್ಯಾಸ್ ಏಜೆನ್ಸಿಯಲ್ಲಿ ಮನೆಮನೆಗೆ ಸಿಲಿಂಡರ್ ಮುಟ್ಟಿಸಿ ರೆಗ್ಯುಲೇಟರ್ ಕೂಡಿಸಿ ಕೊಡುವವರು. ರೆಗ್ಯುಲೇಟರಿನ ವಾಶರ್ ಬಗ್ಗೆ ನಾನು ಕೇಳಿದ ಐದು ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿದ್ದರು.

ಮಂಗಳವಾರ ಅಂಗಡಿಯ ಹಿತ್ತಲಲ್ಲಿ ವಾಸನೆಯ ಪರೀಕ್ಷೆ. ವಾಲ್ವ್ ಒತ್ತಿದೆ. ಎರಡು ಸೆಕೆಂಡಿಗೆ ಒಂದು ಕೈ ಮೇಲೆ ಹೋಯಿತು. ಚಾಚಾ. ಮುಂದಿನ ಸಾಲಿನ ಮೀಸೆಯವರು ಎಂಟು ಸೆಕೆಂಡು ತೆಗೆದುಕೊಂಡರು. ನಾನು ನಂಬದೆ ಗಾಳಿ ತಿಳಿಯಾಗುವ ತನಕ ಕಾದು ಮತ್ತೆ ಮೂರು ಸಲ ಮಾಡಿದೆ. ಚಾಚಾ ಎರಡು, ಮೂರು, ಎರಡು. ಡೈರಿಯಲ್ಲಿ "ಮೂರು ಊರಲ್ಲಿ ಅತ್ಯಂತ ಚುರುಕಾದ ಮೂಗು" ಎಂದು ಬರೆದು ಅಡಿಗೆರೆ ಎಳೆದೆ. ಮಧ್ಯಾಹ್ನ ಎಸ್.ಟಿ.ಡಿ. ಅಂಗಡಿಯಿಂದ ಹುಬ್ಬಳ್ಳಿಗೆ ಫೋನ್ ಮಾಡಿದೆ.

"ಹಂಗಿದ್ರ ಅವರನ್ನ ಎಲ್ಲಾ ಊರಿಗೂ ಕರಕೊಂಡು ಹೋಗು. ಮಂದಿಗೆ ತೋರಿಸೂಣು," ಎಂದರು ಸಾಹೇಬರು.

ಇದನ್ನು ಹೇಳಿದಾಗ ಚಾಚಾರ ಮುಖ ಅರಳಲಿಲ್ಲ. "ಬ್ಯಾಡ್ರಿ ಅಕ್ಕಾರ. ನಾ ಎಲ್ಲೂ ಬರೂದಿಲ್ಲ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ಸಂಜೆ ಬಸ್ಸಿನಲ್ಲಿ ಕುಳಿತು ಅಂಕಿಗಳನ್ನು ಮತ್ತೆ ನೋಡಿದೆ. ಚಾಚಾ ಕುಳಿತದ್ದು ಹಿಂದಿನ ಸಾಲಿನಲ್ಲಿ, ಎಂಟು ಹೆಜ್ಜೆ ದೂರ. ವಾಸನೆ ಮುಂದಿನ ಸಾಲನ್ನು ದಾಟಿಯೇ ಅವರನ್ನು ಮುಟ್ಟಬೇಕು. ಮುಂದಿನ ಸಾಲಿಗೆ ಎಂಟು ಸೆಕೆಂಡಿಗೆ ಬಂದದ್ದು ಹಿಂದಿನವರಿಗೆ ಎರಡು ಸೆಕೆಂಡಿಗೆ ಬರುವುದು ಹೇಗೆ? ಮೂಗು ಎಷ್ಟು ಚುರುಕಾದರೂ ಗಾಳಿ ಬೇಗ ನಡೆಯುವುದಿಲ್ಲವಲ್ಲ. ಇನ್ನೊಂದು ವಿಚಿತ್ರ ಕಂಡಿತು. ಚಾಚಾ ಕೈ ಎತ್ತಿದ ಮೇಲೆ ಒಂದೆರಡು ಸೆಕೆಂಡಿನೊಳಗೆ ಇನ್ನೂ ಐದು ಕೈ ಏಳುತ್ತಿದ್ದವು. ಪ್ರತಿ ಸಲವೂ ಅವೇ ಐದು. ಉಳಿದ ಎಂಟು ಜನ ಎಂಟು, ಒಂಬತ್ತು, ಹದಿಮೂರು ಎಂದು ತಮ್ಮ ತಮ್ಮ ದೂರಕ್ಕೆ ತಕ್ಕ ಹಾಗೆ.

ವಾಲ್ವ್ ಒತ್ತಿದಾಗ 'ಸುಯ್' ಎಂದು ಸದ್ದಾಗುತ್ತದೆ. ಚಾಚಾ ಅದನ್ನು ಕೇಳುತ್ತಿದ್ದರು. ಉಳಿದ ಐವರು ಚಾಚಾರನ್ನು ನೋಡುತ್ತಿದ್ದರು.

ಬುಧವಾರ ಸದ್ದಿಲ್ಲದ ಪರೀಕ್ಷೆ ಹೂಡಿದೆ. ಗ್ಯಾಸಿಗೆ ಬೆರೆಸುವ ನಾತದ್ದೇ ಕಾಗದದ ಪಟ್ಟಿಗಳನ್ನು ಸಂಸ್ಥೆಯವರು ಬಿಗಿಯಾದ ಪೊಟ್ಟಣದಲ್ಲಿ ಕೊಟ್ಟಿದ್ದರು. ಮೂರು ಕಂದು ಬಾಟಲಿ ತಂದೆ. ಒಂದರಲ್ಲಿ ಆ ಪಟ್ಟಿ, ಒಂದರಲ್ಲಿ ಜಜ್ಜಿದ ಈರುಳ್ಳಿ, ಒಂದು ಖಾಲಿ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು, ಕಣ್ಣು ಮುಚ್ಚಿಸಿ, ಬಾಟಲಿಗಳ ಜಾಗ ಬದಲಿಸುತ್ತ ಮೂರು ಸಲ ಕೇಳಿದೆ. ಎಂಟು ಜನ ಮೂರಕ್ಕೆ ಮೂರು. ಐದು ಜನ ಒಂದು ಅಥವಾ ಸೊನ್ನೆ. ಕೊನೆಗೆ ಚಾಚಾ ಬಂದರು. ಖಾಲಿ ಬಾಟಲಿಯನ್ನು ಬಹಳ ಹೊತ್ತು ಮೂಸಿ, "ಇದರಾಗ ಗ್ಯಾಸ್ ಐತಿ," ಎಂದರು. ಮೂರು ಸಲವೂ ತಪ್ಪು.

ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಮೀಸೆಯವರು ಸುಮ್ಮನಿರಲಿಲ್ಲ. "ಏನ್ ಚಾಚಾ, ಖಾಲಿ ಬಾಟ್ಲಿಗೆ ಗ್ಯಾಸ್ ಅಂದ್ರಿ! ನಿಮ್ಮ ಮನ್ಯಾಗ ಖಾಲಿ ಪಾತೇಲಿ ಮೂಸಿ ಬಿರಿಯಾನಿ ಅಂತ ಉಣ್ತೀರೇನು?"

ಹಾಲಿನಲ್ಲಿ ನಗೆ ಎದ್ದಿತು. ಚಾಚಾ ಬಾಟಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದರು.

ನಾನು ಹದಿನಾಲ್ಕು ಹೆಸರುಗಳ ಮುಂದೆ ಅವರು ಮುಂಚೆ ಮಾಡಿದ ಕೆಲಸ ಬರೆದೆ. ತಪ್ಪು ಹೇಳಿದ ಆರೂ ಜನ ವರ್ಷಗಟ್ಟಲೆ ಮೆಣಸಿನಕಾಯಿ ಅಂಗಳದಲ್ಲಿ ದುಡಿದವರು. ಸರಿ ಹೇಳಿದ ಎಂಟು ಜನರಲ್ಲಿ ಒಬ್ಬರು ಮಾತ್ರ ಅಲ್ಲಿದ್ದವರು, ಅವರೂ ಒಂದೇ ಸುಗ್ಗಿ. ಊರಿನ ಡಾಕ್ಟರೊಬ್ಬರನ್ನು ಕೇಳಿದೆ. ಧೂಳು, ಖಾರ ವರ್ಷಗಟ್ಟಲೆ ಹೋದರೆ ಮೂಗಿನ ಒಳಗೆ ಬಾವು ನಿಂತು ಕೆಲವರಿಗೆ ವಾಸನೆ ಮಂದವಾಗಬಹುದು, ಇವರಿಗೆಲ್ಲ ಅದೇ ಕಾರಣವೆಂದು ನೋಡದೆ ಹೇಳಲಾರೆ ಎಂದರು. ನಾನೂ ಅಷ್ಟನ್ನೇ ಬರೆದುಕೊಂಡೆ.

ನಾಲ್ಕು ಗಂಟೆಗೆ ಎಲ್ಲರೂ ಹೋದ ಮೇಲೆ ಚಾಚಾ ಮೆಟ್ಟಿಲ ಮೇಲೆ ಕುಳಿತಿದ್ದರು.

"ಅಕ್ಕಾರ, ಏನಂತ ಬರದ್ರಿ?"

"ಇನ್ನೂ ಬರದಿಲ್ಲ ಚಾಚಾ. ಎಷ್ಟು ವರ್ಷ ಆತು?"

"ಅಂಗಳದಾಗಿದ್ದಾಗಿಂದ ಮಂದ ಆಕ್ಕೋತ ಬಂತು, ಪೂರಾ ಹೋಗಿ ಹತ್ತು, ಹನ್ನೊಂದು. ಮನ್ಯಾಗ ಅನ್ನ ಹೊತ್ತಿದ್ದು ನನಗ ತಿಳಿಯೂದಿಲ್ಲ, ಆಕಿ ಒದರಿದ ಮ್ಯಾಲ ತಿಳೀತೈತಿ." ಚೀಲದ ದಾರಕ್ಕೆ ಗಂಟು ಹಾಕುತ್ತ ಹೇಳಿದರು: "ಏಜೆನ್ಸಿ ಮಾಲಕರು ಏನ್ ಹೇಳ್ಯಾರ ಗೊತ್ತೈತಲ್ರಿ? ಕಾರ್ಡ್ ಇಲ್ಲದವ ಏಪ್ರಿಲ್‌ದಿಂದ ಮನಿಗೆ ಹೋಗಾಂಗಿಲ್ಲ, ಗೋದಾಮಿನ್ಯಾಗ ಲೋಡ್ ಇಳಸೂದು. ಈ ಸೊಂಟಾ ಹೋತಂತನ ನಾ ಹಮಾಲಿ ಬಿಟ್ಟೆ. ಮತ್ತ ಅದಕ್ಕ ಹೋಗಂದ್ರ ಹೆಂಗ್ರಿ?"

ನಮ್ಮ ಪರೀಕ್ಷೆಯ ಹಾಳೆಯಲ್ಲಿ ಒಂಬತ್ತು ಕಾಲಂ ಇದ್ದವು. ಏಳನೆಯದು 'ವಾಸನೆಯಿಂದ ಸೋರಿಕೆ ಗುರುತಿಸಬಲ್ಲರು.' ಅದರಲ್ಲಿ ಇಲ್ಲ ಎಂದು ಬಿದ್ದರೆ ಕಾರ್ಡ್ ಇಲ್ಲ. ಆ ಆರು ಜನರಲ್ಲಿ ಐದು ಜನ ಗೋದಾಮು, ಟೆಂಪೊ ನೋಡಿಕೊಳ್ಳುವವರು, ಅವರಿಗೆ ಅಷ್ಟು ನಷ್ಟವಿರಲಿಲ್ಲ. ಮನೆಯೊಳಗೆ ಹೋಗುತ್ತಿದ್ದವರು ಚಾಚಾ ಒಬ್ಬರೇ. ಹೌದು ಎಂದು ಬರೆಯುವುದು ಎರಡಕ್ಷರದ ಕೆಲಸ. ಆದರೆ ನಾಳೆ ಯಾವುದೋ ಅಡುಗೆಮನೆಯಲ್ಲಿ ಗ್ಯಾಸ್ ತುಂಬಿದ್ದಾಗ ಇವರು ಒಳಗೆ ಹೋಗಿ ದೀಪದ ಸ್ವಿಚ್ ಒತ್ತಿದರೆ?

"ಹತ್ತು ವರ್ಷ ಹೆಂಗ ಕೆಲಸಾ ಮಾಡೀರಿ ಮತ್ತ?"

"ಅದನ್ನ ಬಾಯಿಲೆ ಹೇಳಾಕ ಬರೂದಿಲ್ಲ. ನಾಳೆ ಒಂದ ದಿನ ನನ್ನ ಜೋಡಿ ಬರ್ರಿ. ಆಮ್ಯಾಲ ಏನ್ ಬರೀತೀರಿ ಬರೀರಿ."

ಗುರುವಾರ ತರಗತಿಯವರಿಗೆ ಲೆಕ್ಕದ ಹಾಳೆ ಕೊಟ್ಟು ಕೂರಿಸಿ ನಾನು ಚಾಚಾರ ಜೊತೆ ಹೋದೆ. ಅವರು ಸೈಕಲ್ಲಿನ ಎರಡೂ ಬದಿಗೆ ಸಿಲಿಂಡರ್ ನೇತುಹಾಕಿ ನೂಕಿಕೊಂಡು ನಡೆದರು, ನಾನು ನೋಟ್‌ಬುಕ್ ಹಿಡಿದು ಹಿಂದೆ. ಮಧ್ಯೆ ಟೆಂಪೊದಿಂದ ಮತ್ತೆ ಮತ್ತೆ ತುಂಬಿಸಿಕೊಳ್ಳುವುದು. ಅವತ್ತು ಒಟ್ಟು ಇಪ್ಪತ್ತೆರಡು ಮನೆ.

ಅವರ ರೀತಿ ಹೀಗಿತ್ತು. ಕಿಡಿ ಹಾರಬಾರದೆಂದು ಯಾವ ಮನೆಯಲ್ಲೂ ಬೆಲ್ ಒತ್ತುತ್ತಿರಲಿಲ್ಲ. ಹೊರಗೆ ನಿಂತು "ಗ್ಯಾಸ್!" ಎಂದು ಕೂಗುವುದು. ಮನೆಯವರು ಬಂದ ಕೂಡಲೇ ಹೊಸ್ತಿಲ ಹೊರಗಿನಿಂದಲೇ "ಏನರ ವಾಸನಿ ಬರತೈತೇನ್ರಿ?" ಎಂದು ಕೇಳುವುದು. ಬರುತ್ತದೆ ಎಂದರೆ ಬಾಗಿಲು ಕಿಟಕಿ ತೆಗೆಸಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಹೇಳಿಯೇ ಒಳಗೆ ಕಾಲಿಡುವುದು. ಸಿಲಿಂಡರ್ ಬಾಯಿಗೆ ಕಿವಿ ಒಡ್ಡುವುದು. ವಾಲ್ವಿನ ಸುತ್ತ ಮುಂಗೈಯ ಹಿಂಬದಿ ಹಿಡಿದು ತಂಪು ತಾಗುತ್ತದೆಯೇ ನೋಡುವುದು. ಅನುಮಾನ ಬಂದರೆ ಚೀಲದಿಂದ ಸೋಪಿನ ನೀರಿನ ಶೀಸೆ, ಗಡ್ಡ ಮಾಡಿಕೊಳ್ಳುವ ಹಳೆಯ ಬ್ರಶ್ ತೆಗೆದು ಪೈಪು ಸೇರುವ ಕೂಡುಗಳಿಗೆಲ್ಲ ಸವರಿ ಗುಳ್ಳೆ ಏಳುತ್ತದೆಯೇ ಎಂದು ಕಾಯುವುದು. ಒಂದು ಕೂಡಿಗೆ ಮೂವತ್ತು ಎಣಿಸುವ ತನಕ.

ಹತ್ತು ವರ್ಷ ಅವರು ಪ್ರತಿ ಮನೆಯ ಹೆಂಗಸಿನ ಮೂಗನ್ನು ಕಡ ತೆಗೆದುಕೊಂಡು ಕೆಲಸ ಮಾಡಿದ್ದರು. ನನಗೆ ಆಶ್ಚರ್ಯವಾಯಿತು. ಕೈಪಿಡಿಯ ಯಾವ ಸಾಲಿನಲ್ಲೂ ಇದು ಇರಲಿಲ್ಲ.

ಹದಿನಾಲ್ಕನೆಯ ಮನೆ. ಪಡಸಾಲೆಯಲ್ಲಿ ಒಬ್ಬ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು.

"ವಾಸನಿ ಬರತೈತೇನಬೇ?"

"ಏನೂ ಇಲ್ಲ ಚಾಚಾ. ಲಗೂ ಹಚ್ಚಿ ಹೋಗ್ರಿ, ಮಾಲು ಕೊಡೂದೈತಿ."

ನಾನೂ ಮೂಸಿ ನೋಡಿದೆ. ಏನೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ '೧೪: ವಾಸನೆ ಇಲ್ಲ' ಎಂದು ಬರೆದೆ. ಚಾಚಾ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಯಾಕೋ ಏನೋ, ಶೀಸೆ ತೆಗೆದರು. ರೆಗ್ಯುಲೇಟರಿಗೆ ಸವರಿದರು, ಗುಳ್ಳೆ ಇಲ್ಲ. ರಬ್ಬರ್ ಪೈಪಿನ ಉದ್ದಕ್ಕೂ ಸವರುತ್ತ ಹೋದರು. ಪೈಪು ಕಟ್ಟೆಯ ಅಂಚಿಗೆ ಉಜ್ಜಿಕೊಂಡಿದ್ದ ಕಡೆ ಸಣ್ಣ ಸಣ್ಣ ಗುಳ್ಳೆಗಳು ಒಂದರ ಮೇಲೊಂದು ಎದ್ದವು. ನಾಲ್ಕು ಎಣಿಸುವುದರೊಳಗೆ ಬೆರಳಿನ ಗಾತ್ರ ನೊರೆ ನಿಂತಿತು.

ಚಾಚಾ ರೆಗ್ಯುಲೇಟರ್ ಬಂದ್ ಮಾಡಿ ಕಳಚಿದರು, ಸಿಲಿಂಡರಿಗೆ ಟೋಪಿ ಹಾಕಿದರು, ಹಿತ್ತಲ ಬಾಗಿಲು ತೆರೆದರು. ಗೋಡೆಗೆ ಒರಗಿಸಿದ್ದ ಮೊರವನ್ನು ತೆಗೆದುಕೊಂಡು ನೆಲದ ಮಟ್ಟಕ್ಕೆ ಬಗ್ಗಿ, ನೀರು ಗೋರಿ ಹಾಕುವವರ ಹಾಗೆ ಗಾಳಿಯನ್ನು ಹೊರಗೆ ನೂಕತೊಡಗಿದರು. ಆಗ ಪಕ್ಕದ ಮನೆಯ ಹೆಂಗಸು, ಶಾಲೆಯಲ್ಲಿ ಕಲಿಸುವವರು, ಮಜ್ಜಿಗೆ ಕೇಳಲು ಹಿತ್ತಲ ಕಡೆಯಿಂದ ಬಂದರು. ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದರು.

"ಅಯ್ಯ ಶಿವನ, ಏನಿದು ಗ್ಯಾಸ್ ನಾತ! ಹೆಂಗ ಕುಂತೀರಿ ಒಳಗ?"

ತೊಟ್ಟು ಬಿಡಿಸುತ್ತಿದ್ದ ತಾಯಿ ನನ್ನನ್ನು ನೋಡಿದರು. ನಾನು ಚಾಚಾರನ್ನು ನೋಡಿದೆ. ಅವರು ಮೊರ ಹಿಡಿದುಕೊಂಡೇ ನನ್ನ ಮುಖವನ್ನು ದಿಟ್ಟಿಸಿದರು.

"ಅಕ್ಕಾರ," ಎಂದರು ಮೆಲ್ಲಗೆ, "ನಿಮಗೂ?"

ನಾನು ಮೂರು ದಿನ ಸೀನಿದ್ದೆ. ಗುರುವಾರ ಬೆಳಿಗ್ಗೆಯಿಂದ ಸೀನು ನಿಂತಿತ್ತು. ಹೊಂದಿಕೆ ಆಯಿತು ಎಂದು ಡೈರಿಯಲ್ಲಿ ಸಂತೋಷದಿಂದ ಬರೆದಿದ್ದೆ.

ಹೊಸ ಪೈಪು ಹಾಕಿ ಹೊರಗೆ ಬಂದ ಮೇಲೆ ಕೇಳಿದೆ. "ಆಕಿ ಇಲ್ಲ ಅಂದ ಮ್ಯಾಲೂ ಯಾಕ ಸೋಪ್ ಹಚ್ಚಿದ್ರಿ ಚಾಚಾ?"

"ಆಕಿ ಕೈ ನೋಡಿದೆ. ಕೆಂಪಗಿದ್ದುವು."

"ಎಲ್ಲಾ ಮನ್ಯಾಗೂ ಕೈ ನೋಡ್ತೀರೇನು?"

ಅವರು ಸೈಕಲ್ ನೂಕಿಕೊಂಡು ಮುಂದಿನ ಮನೆಗೆ ನಡೆದರು. ಸಂಜೆ ನನ್ನ ಲೆಕ್ಕ ಹೇಳಿತು: ಇಪ್ಪತ್ತೆರಡು ಮನೆಗಳಲ್ಲಿ ಅವರು ಸೋಪಿನ ನೀರು ತೆಗೆದದ್ದು ಒಂಬತ್ತರಲ್ಲಿ. ಉಳಿದ ಹದಿಮೂರರಲ್ಲಿ ಹೆಂಗಸರು ವಾಸನೆ ಇಲ್ಲ ಎಂದದ್ದಕ್ಕೆ ಅವರು ಬರೀ ಕಿವಿ ಒಡ್ಡಿ ಕೈ ಹಿಡಿದು ನೋಡಿ ಬಂದಿದ್ದರು. ಆ ಹದಿಮೂರು ಮನೆಗಳಲ್ಲಿ ಯಾರ ಮೂಗು ಹೇಗಿತ್ತೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಹಾಲಿಗೆ ಬಂದು ಮೀಸೆಯವರನ್ನು ಕರೆದೆ. "ಬಾಟ್ಲಿ ಹಿಡೀರಿ. ನಾ ಕಣ್ಣ ಮುಚ್ಚತೇನಿ. ನೀವು ಜಾಗಾ ಬದಲಿ ಮಾಡಿ ಮೂರ ಸಲ ಕೇಳ್ರಿ."

ಎಲ್ಲರೂ ಸುತ್ತ ನಿಂತರು. ಒಂದನೆಯ ಸಲ ಈರುಳ್ಳಿಯನ್ನು ಖಾಲಿ ಎಂದೆ. ಎರಡನೆಯ ಸಲ ಖಾಲಿಯನ್ನು ಗ್ಯಾಸ್ ಎಂದೆ. ಮೂರನೆಯದು ಸರಿಯಾಯಿತು, ಅದೂ ಉಳಿದದ್ದು ಅದೊಂದೇ ಇರಬೇಕೆಂದು ಊಹೆ ಹೊಡೆದದ್ದು.

"ಅಕ್ಕಾರ ಫೇಲ್!" ಎಂದು ಮೀಸೆಯವರು ಕುಣಿದರು. "ಮಾಸ್ತರ ಫೇಲ್ ಆದ್ರ ಸಾಲಿ ರಜಾ ಕೊಡ್ತಾರಲ್ರಿ?"

ಅವತ್ತು ಮೊದಲ ಸಲ ಚಾಚಾ ನಕ್ಕಿದ್ದನ್ನು ನೋಡಿದೆ.

ಬಸ್ಸಿನಲ್ಲಿ ಆ ಸಂಜೆ ನಿರ್ಧಾರ ಮಾಡಿದೆ. ಕಾರ್ಡು ಮೂರು ವರ್ಷ ನಡೆಯುತ್ತದೆ. ನನ್ನ ಮೂಗು ನಾಲ್ಕು ದಿನ ನಡೆಯಲಿಲ್ಲ. ಹಾಗಿರುವಾಗ ಮೂರಕ್ಕೆ ಮೂರು ಹೇಳಿದ ಎಂಟು ಜನರ ಮುಂದೆಯೂ 'ವಾಸನೆಯಿಂದ ಗುರುತಿಸಬಲ್ಲರು' ಎಂದು ನಾನು ಹೇಗೆ ಸಹಿ ಮಾಡಲಿ? ಇಪ್ಪತ್ತಮೂರನೇ ಸಾಲನ್ನು ರಬ್ಬರಿನಿಂದ ಅಳಿಸಿ ತಪ್ಪು ಎಂಬ ಮನೆಗೆ ಬರೆದೆ.

ಶುಕ್ರವಾರ ಹುಬ್ಬಳ್ಳಿಗೆ ಫೋನ್ ಮಾಡಿದೆ. "ಸರ್, ಬ್ಯಾಡಗಿ ಬ್ಯಾಚಿನ ಏಳನೇ ಕಾಲಂನ್ಯಾಗ ನಾ ಯಾರಿಗೂ ಸಹಿ ಮಾಡೂದಿಲ್ಲ."

"ಹದಿನಾಲ್ಕೂ ಮಂದಿ ಫೇಲೇನು?"

"ಹದಿನೈದು ಸರ್. ನನ್ನನ್ನೂ ಹಿಡಕೊಂಡು." ನಡೆದದ್ದನ್ನು ಹೇಳಿದೆ. ಆ ಕಾಲಂ ಬದಲು ಸೋಪಿನ ನೀರಿನ ಪರೀಕ್ಷೆ ಇಡಬೇಕು, ಯಾರ ಮೂಗು ಏನೇ ಹೇಳಲಿ, ಪ್ರತಿ ಮನೆಯಲ್ಲೂ ಅದನ್ನು ಮಾಡಬೇಕು, ಬೇಕಾದರೆ ಹಲಗೆಯ ಮೇಲೆ ಪೈಪು ಜೋಡಿಸಿ ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೆ.

"ಹಾಳಿ ಛಾಪಾ ಆಗೇದ. ಅದನ್ನ ತಿದ್ದಾಕ ನೀ ಯಾರವಾ?" ಎಂದರು. ಕೊನೆಗೆ, "ನಾಳೆ ನಾ ಬರ್ತೀನಿ. ಹಲಗಿ ತಯಾರ ಇಡು," ಎಂದು ಫೋನ್ ಇಟ್ಟರು.

ಮಧ್ಯಾಹ್ನ ಚಾಚಾರಿಗೆ ನನ್ನ ಶರತ್ತುಗಳನ್ನು ಹೇಳಿದೆ. ಮೊದಲನೆಯದು, ಮನೆಯವರು ಏನೇ ಹೇಳಲಿ, ಎಲ್ಲ ಮನೆಗೂ ಸೋಪಿನ ನೀರು.

"ಇಪ್ಪತ್ತೆರಡೂ ಮನಿಗೆ? ಹೊತ್ತ ಮುಳಗತೈತ್ರಿ."

"ನಾ ಲೆಕ್ಕಾ ಹಾಕೇನಿ ಚಾಚಾ. ಮನಿಗೆ ಎರಡೂವರಿ ನಿಮಿಷ ಹೆಚ್ಚ. ಹದಿಮೂರು ಮನಿಗೆ ಅರ್ಧಾ ತಾಸಿನ ಮ್ಯಾಲ ಸ್ವಲ್ಪ."

ಅದಕ್ಕೆ ಒಪ್ಪಿದರು. ಎರಡನೆಯದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಸಣ್ಣದಾಯಿತು. ಗ್ಯಾಸ್ ಸೋರುತ್ತಿದೆ ಎಂದು ದೂರು ಬಂದ ಮನೆಗೆ ಒಬ್ಬರೇ ಹೋಗುವ ಹಾಗಿಲ್ಲ. ವಾಸನೆ ತಿಳಿಯುವ ಇನ್ನೊಬ್ಬರು ಜೊತೆಗಿರಬೇಕು, ಮೊದಲು ಅವರು ಬಾಗಿಲಲ್ಲಿ ನಿಂತು ನೋಡಬೇಕು.

ಚಾಚಾ ಮಡಿಲಿನ ಚೀಲವನ್ನು ತೆಗೆದು ಕೆಳಗಿಟ್ಟರು. "ಹದಿನೈದು ವರ್ಷ ಒಬ್ಬನ ಹೋಗೇನಿ. ಈಗ ನಾ ಅರ್ಧಾ ಮನಷ್ಯಾ ಆದ್ನೇನ್ರಿ?"

"ಈ ವಾರ ನನಗೂ ಅದ ನಿಯಮ ಚಾಚಾ," ಎಂದೆ.

"ನಿಮಗ ವಾರದ್ದು, ಬೇಟಿ. ಬ್ಯಾಡಗಿ ಬಿಟ್ರ ಬರ್ತೈತಿ," ಎಂದು ಎದ್ದರು. ಅದು ನಿಜವೇ ಆಯಿತು. ಬ್ಯಾಡಗಿಯ ತರಗತಿ ಮುಗಿದ ಆರನೆಯ ದಿನ ಕುಪ್ಪೇಲೂರಿನ ಮನೆಯಲ್ಲಿ ಅವ್ವ ಒಗ್ಗರಣೆಗೆ ಹಾಕಿದ ಬೆಳ್ಳುಳ್ಳಿ ಅಂಗಳದ ತನಕ ಬಂದು ನನ್ನನ್ನು ಮುಟ್ಟಿತು.

ಶನಿವಾರ ಸಾಹೇಬರು ಹತ್ತೂವರೆಗೆ ಬಂದರು. ಒಂದು ಹಲಗೆಗೆ ಪೈಪು, ರೆಗ್ಯುಲೇಟರ್, ಒಲೆಯ ನಳಿಗೆಗಳನ್ನು ಜೋಡಿಸಿ ಎಂಟು ಕೂಡು ಮಾಡಿದ್ದೆ. ಒಳಗೆ ಗ್ಯಾಸ್ ಅಲ್ಲ, ಸೈಕಲ್ ಪಂಪಿನಿಂದ ತುಂಬಿದ ಗಾಳಿ. ಮೂರು ಕಡೆ ಸೂಜಿಮೊನೆಯಷ್ಟು ಸೋರುತ್ತಿತ್ತು. ಗಾಳಿಗೆ ನಾತವಿಲ್ಲ, ಆದ್ದರಿಂದ ಯಾರ ಮೂಗಿಗೂ ಕೆಲಸವಿರಲಿಲ್ಲ. ಮೊದಲ ಬಾರಿಗೆ ಹದಿನಾಲ್ಕು ಜನರೂ ಒಂದೇ ಗೆರೆಯ ಮೇಲೆ ನಿಂತಿದ್ದರು.

ಮೀಸೆಯವರು ಎರಡನ್ನು ಹಿಡಿದು ಮೂರನೆಯದನ್ನು ಬಿಟ್ಟರು. ಎರಡನೇ ಸಲಕ್ಕೆ ಮೂರೂ ಸಿಕ್ಕವು. ಚಾಚಾ ಒಂದೊಂದು ಕೂಡಿಗೂ ಮೂವತ್ತು ಎಣಿಸುತ್ತ, ಅವಸರವೇ ಇಲ್ಲದೆ, ಮೊದಲ ಸಲಕ್ಕೇ ಮೂರನ್ನೂ ತೋರಿಸಿದರು. ನಾಲ್ಕು ನಿಮಿಷ ಐವತ್ತು ಸೆಕೆಂಡು. ಸಾಹೇಬರು ಬಗ್ಗಿ ಬಗ್ಗಿ ನೋಡಿದರು.

"ಬಾಗಲಕ್ಕ ಬೆಲ್ ಇದ್ರ ಏನ್ ಮಾಡ್ತೀರಿ?"

"ಕೂಗ್ತೇನ್ರಿ."

"ಮನ್ಯಾಗಿನವರಿಗೆ ಕೇಳಸಲಿಲ್ಲಂದ್ರ?"

"ಇನ್ನೂ ಜೋರ ಕೂಗ್ತೇನ್ರಿ. ಬ್ಯಾಡಗ್ಯಾಗ ಮೂಗು ಹೋಗಿರಬಹುದು ಸಾಹೇಬ್ರ, ಕಿವಿ ಹೋಗಿಲ್ಲ."

ಸಾಹೇಬರು ಪೆನ್ನು ತೆಗೆದು ಹದಿನಾಲ್ಕು ಹಾಳೆಗಳಲ್ಲೂ 'ವಾಸನೆಯಿಂದ' ಎಂಬುದನ್ನು ಹೊಡೆದು ಮೇಲೆ 'ಸೋಪಿನ ನೀರಿನಿಂದ' ಎಂದು ಬರೆದು, ಪ್ರತಿಯೊಂದರ ಪಕ್ಕ ಸಣ್ಣ ಸಹಿ ಹಾಕಿದರು. ಆರು ಕಾರ್ಡುಗಳ ಹಿಂದೆ ನಾನು ಹೇಳಿದ ಎರಡನೆಯ ಶರತ್ತನ್ನೂ ಬರೆದರು. ಚಾಚಾ ಕಾರ್ಡು ತೆಗೆದುಕೊಂಡು ಮೊದಲು ಹಿಂಬದಿಯನ್ನೇ ತಿರುಗಿಸಿ ನೋಡಿದರು. ಆಮೇಲೆ ಅಂಗಿಯ ಕಿಸೆಗೆ ಹಾಕಿಕೊಂಡರು.

ಎಲ್ಲರಿಗೂ ಕೊಟ್ಟು ಮುಗಿಯುವುದರೊಳಗೆ ಏಜೆನ್ಸಿಯಿಂದ ಒಬ್ಬರು ದೂರಿನ ಪುಸ್ತಕ ಹಿಡಿದು ಓಡಿಬಂದರು. ರೈಲ್ವೆ ಸ್ಟೇಷನ್ ಹತ್ತಿರದ ಒಂದು ಮನೆಯಿಂದ ಗ್ಯಾಸ್ ಸೋರುತ್ತಿದೆ ಎಂದು ಫೋನ್ ಬಂದಿತ್ತು. ಆ ಭಾಗ ಚಾಚಾರದು. ಎಲ್ಲರಿಗೂ ಆ ಕಾರ್ಡಿನ ಹಿಂಬದಿ ಗೊತ್ತಿತ್ತು. ಚಾಚಾ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಒಬ್ಬರೇ ಹೋದರು. ಅಲ್ಲಿ ನಿಂತರು. ತಿರುಗಿ ನೋಡಿದರು.

"ಏ ಮೀಸಿ. ನಡಿ."

"ನಾನ? ಯಾಕ ಚಾಚಾ, ಬಿರಿಯಾನಿ ಅಂದದ್ದಕ್ಕ ಸಿಟ್ಟೇನು?"

"ನೀ ಮೂಸು, ನಾ ಹುಡಕತೇನಿ. ಲಗೂ ಬಾ."

ಹೊರಟದ್ದು ಹನ್ನೆರಡೂ ನಲವತ್ತಕ್ಕೆ. ಬಂದದ್ದು ಒಂದೂ ಇಪ್ಪತ್ತೈದಕ್ಕೆ. ಸಾಹೇಬರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಮೆಟ್ಟಿಲ ಮೇಲೆ ಮೊದಲು ಮೀಸೆಯವರ ದನಿ ಕೇಳಿಸಿತು.

"ಅಕ್ಕಾರ, ಇವರ ಜೋಡಿ ನನ್ನ ಹಾಕಬ್ಯಾಡ್ರಿ. ಬಾಗಲದಾಗ ನಿಲ್ಲಿಸಿ, ಇಲ್ಲಿ ಮೂಸು, ಅಲ್ಲಿ ಮೂಸು, ಕೆಳಗ ಬಗ್ಗಿ ಮೂಸು ಅಂತ. ಓಣಿ ಮಂದಿ ಮುಂದ ನನ್ನ ನಾಯಿ ಮಾಡಿಬಿಟ್ರು!"

"ಏನಿತ್ತು ಚಾಚಾ?" ಎಂದು ಕೇಳಿದೆ.

"ವಾಶರ್ ಹರದಿತ್ರಿ. ಹೊಸಾದ ಹಾಕಿದೆ, ಮೂವತ್ತು ಎಣಿಸಿದೆ, ಗುಳ್ಳಿ ಬರಲಿಲ್ಲ." ಚೀಲ ಇಳಿಸಿ ಬೆಂಚಿನ ಮೇಲೆ ಕುಳಿತು ಮೀಸೆಯವರ ಬೆನ್ನಿಗೆ ಒಂದು ಹೊಡೆದರು. "ಬರಕೋರಿ ಅಕ್ಕಾರ. ನಾಯಿ ಚಲೋ ಐತಿ."

ನಾನು ದೂರಿನ ಪುಸ್ತಕ ತೆಗೆದೆ. ಹೋದವರ ಹೆಸರು ಬರೆಯುವ ಮನೆ ಒಬ್ಬರಿಗಾಗುವಷ್ಟೇ ಅಗಲವಿತ್ತು. ಅಕ್ಷರ ಸಣ್ಣದು ಮಾಡಿ ಇಬ್ಬರದೂ ಬರೆದೆ.